ಖರೇ ಏನದ?

ಸ್ಟೇಶನ್ ಬಜಾರದಲ್ಲಿ ಚಹಾ ಕುಡಿಯುತ್ತ ನಿಂತರೆ ಮಾತು ಬಿಸಿಲಿನಿಂದ ಶುರುವಾಗಿ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಮೊನ್ನೆ ಎಲೆಕ್ಟ್ರಾನಿನತ್ತ ಹೋಯಿತು. ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಕಾಕಾ ಜೊತೆಗಿದ್ದರು. “ಕಾಕಾ, ನಾವು ಅಳೀಲಿಲ್ಲಂದ್ರ ಅದು ಎಲ್ಲಿರ್ತದ್ರಿ?” ಎಂದೆ. “ಲೆಕ್ಕಾ ಬರಾಬರಿ ಬರ್ತದಲ್ಲ, ಎಲ್ಲಿರ್ತದ ಅಂತ ಯಾಕ ಕೇಳ್ತಿ?” ಎಂದರು.

ಯಾಕೆ ಕೇಳಬೇಕೆಂದರೆ, ನಮ್ಮೂರು ಕಲಬುರಗಿಯಲ್ಲೇ ಕೇಳಿದವರಿದ್ದಾರೆ. 1400ರ ಸುಮಾರಿಗೆ ಇಲ್ಲಿಗೆ ಬಂದು 1422ರಲ್ಲಿ ಇಲ್ಲೇ ತೀರಿಕೊಂಡ ಸೂಫಿ ಸಂತ ಖ್ವಾಜಾ ಬಂದೇ ನವಾಜರು, ಅಸ್ತಿತ್ವವೆಲ್ಲ ಒಂದೇ ಎಂಬ ಇಬ್ನ್ ಅರಬಿಯ ವಿಚಾರವನ್ನು ಖಂಡಿಸಿದ್ದರು. ಅದು ದೇವರ ವಿಚಾರ, ಎಲೆಕ್ಟ್ರಾನಿಗೆ ಗಂಟು ಹಾಕುವುದು ತಪ್ಪು. ಆದರೆ ನಮಾಜು, ರೋಜಾ ಎರಡೂ ಕಡೆಯವರಿಗೆ ಒಂದೇ ಇದ್ದರೂ, ಇರುವುದೇನು ಎಂಬ ಪ್ರಶ್ನೆಯನ್ನು ಅವರು ಬಿಡಲಿಲ್ಲ.

ಎಲೆಕ್ಟ್ರಾನಿನ ಲೆಕ್ಕವೂ ಎಲ್ಲರಿಗೂ ಒಂದೇ. 1926ರಲ್ಲಿ ಶ್ರೋಡಿಂಗರ್ ಅಲೆಯ ಸಮೀಕರಣ ಕೊಟ್ಟರು. ಕಣ ಎಲ್ಲಿ ಸಿಕ್ಕೀತೆಂಬ ಸಂಭವ ಆ ಅಲೆಯಿಂದ ತಿಳಿಯುತ್ತದೆಂದು ಮ್ಯಾಕ್ಸ್ ಬಾರ್ನ್ ಅದೇ ವರ್ಷ ಹೇಳಿದರು. ಜಗಳವಿರುವುದು ಅದರಾಚೆ. ಕಣಕ್ಕೆ ಸದಾ ಒಂದು ಜಾಗವಿದೆ, ಅಲೆ ಅದನ್ನು ನಡೆಸುತ್ತದೆ ಎಂದರು ಡೇವಿಡ್ ಬೋಮ್, 1952ರಲ್ಲಿ. ಅಲೆಯೊಂದೇ ಸಾಕು, ಅಳೆದಾಗ ಅದು ಒಂದೇ ಜಾಗಕ್ಕೆ ಕುಸಿಯುವುದೇ ಇಲ್ಲ, ಅಳತೆಯ ಫಲಿತಾಂಶಗಳೆಲ್ಲ ಒಂದೊಂದು ಕವಲಿನಲ್ಲಿ ನಡೆದೇ ನಡೆಯುತ್ತವೆ ಎಂದರು ಎವೆರೆಟ್, 1957ರಲ್ಲಿ. ಅಷ್ಟೊಂದು ಕಲಬುರಗಿಗಳನ್ನು ಒಪ್ಪಿಕೊಳ್ಳಲು ನನ್ನ ಮನಸ್ಸು ಸಿದ್ಧವಿಲ್ಲ.

ನನಗೆ ಒಗ್ಗಿದ್ದು 1986ರ ಘಿರಾರ್ಡಿ, ರಿಮಿನಿ, ವೆಬರ್ ದಾರಿ. ಒಂಟಿ ಕಣದ ಅಲೆ ಸರಾಸರಿ 30 ಕೋಟಿ ವರ್ಷಕ್ಕೊಮ್ಮೆ ತಾನಾಗಿ ಕುಸಿಯುತ್ತದೆ ಎನ್ನುತ್ತಾರೆ ಅವರು. ಚಹಾದ ಗ್ಲಾಸಿನಲ್ಲಿ ಎಣಿಸಲಾಗದಷ್ಟು ಕಣಗಳು. ಒಂದಲ್ಲ ಒಂದು ಪ್ರತಿಕ್ಷಣ ಕುಸಿಯುತ್ತಲೇ ಇರುವುದರಿಂದ ಗ್ಲಾಸು ಎರಡು ಕಡೆ ಇರಲಾರದು. ನೋಡುವವರ ಹಂಗಿಲ್ಲ. ಮೇಲಾಗಿ ಇದು ಲೆಕ್ಕವನ್ನೇ ತುಸು ಬದಲಿಸುತ್ತದೆ. ತಪ್ಪಿದ್ದರೆ ಪ್ರಯೋಗದಲ್ಲಿ ಸಿಕ್ಕಿಬೀಳುತ್ತದೆ. ಆ ಧೈರ್ಯ ನನಗೆ ದೊಡ್ಡದು.

ಇರುವುದೇನು ಎಂಬುದನ್ನು ಪ್ರಯೋಗಕ್ಕೆ ಒಡ್ಡುವ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. ವಸ್ತುವಿಗೆ ಯಾವಾಗಲೂ ಒಂದು ಖಚಿತ ಸ್ಥಿತಿ ಇದೆ, ಅದನ್ನು ಕದಲಿಸದೆ ಅಳೆಯಬಹುದು ಎಂದು ನಂಬಿದರೆ ಅಳತೆಗಳು ಯಾವ ಮಿತಿಯೊಳಗಿರಬೇಕೆಂದು ಲೆಗೆಟ್ ಮತ್ತು ಗಾರ್ಗ್ 1985ರಲ್ಲಿ ತೋರಿಸಿದ್ದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಉರ್ಬಸಿ ಸಿನ್ಹಾ ಅವರ ತಂಡ ಒಂಟಿ ಫೋಟಾನುಗಳಲ್ಲಿ ಆ ಮಿತಿ ಮುರಿಯುವುದನ್ನು ಕಂಡು 2022ರಲ್ಲಿ ಪ್ರಕಟಿಸಿತು. ಬೋಮ್‌ಗೆ ಇದರಿಂದ ಸೋಲಿಲ್ಲ. ಅಳತೆ ಕಣವನ್ನು ಕದಲಿಸುತ್ತದೆಂದು ಅವರ ಸಿದ್ಧಾಂತ ಮೊದಲೇ ಒಪ್ಪಿದೆ. ನನ್ನ ಪಕ್ಷಕ್ಕೆ ಬೇಕಾದದ್ದು ಇನ್ನೂ ಭಾರದ ವಸ್ತು. 2019ರಲ್ಲಿ ವಿಯೆನ್ನಾದವರು ಸುಮಾರು 2,000 ಪರಮಾಣುಗಳ ಅಣುಗಳನ್ನು ಸೂಕ್ಷ್ಮ ಜಾಲರಿಗಳ ಮೂಲಕ ಹಾಯಿಸಿದರು. ಅವೂ ಅಲೆಯಾಗಿಯೇ ನಡೆದವು. ಕುಸಿತ ಕಾಣಬೇಕಾದರೆ ಇನ್ನೂ ಎಷ್ಟೋ ಪಟ್ಟು ದೊಡ್ಡದು ಬೇಕು.