ಬಸವನಗುಡಿಯಲ್ಲಿ ಒಂದು ಕೋಣೆ

ಬೆಳಗಿನ ಏಳು ಗಂಟೆ. ಗಾಂಧಿ ಬಜಾರಿನಲ್ಲಿ ಹೂವಿನ ಬುಟ್ಟಿಗಳು ಆಗತಾನೇ ಇಳಿಯುತ್ತಿವೆ. ಸೇವಂತಿಗೆಯ ಹಳದಿ, ಕನಕಾಂಬರದ ಕೇಸರಿ, ಒದ್ದೆ ಗೋಣಿಯ ಮೇಲೆ ರಾಶಿ ಬಿದ್ದ ಮಲ್ಲಿಗೆ ಮೊಗ್ಗು. ಮೊಳ ಹಾಕುವ ಆ ಕೈಗಳನ್ನು ನೋಡುತ್ತ ನಿಂತರೆ ಬಂದ ಕೆಲಸವೇ ಮರೆತುಹೋಗುತ್ತದೆ. ಕೆಲಸ ಇಷ್ಟೇ: ಒಬ್ಬರಿಗೆ ಸಾಕಾಗುವ, ಕೈಗೆಟುಕುವ ಬಾಡಿಗೆಯ ಕೋಣೆಯೊಂದು ಬೇಕು, ಅದೂ ಬಸವನಗುಡಿಯಲ್ಲೇ. ಬನ್ನಿ, ಹುಡುಕೋಣ.

ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಆಗಲೇ ಸಾಲು. 1943ರಿಂದ ಕಾಯುತ್ತಲೇ ಇರುವ ಕಾವಲಿಯ ತುಪ್ಪದ ಘಮ ರಸ್ತೆ ದಾಟಿ ಬರುತ್ತಿದೆ. ಎದುರು ಮರದಡಿಯ ಇಸ್ತ್ರಿ ಗಾಡಿಯವರನ್ನು ಕೋಣೆಯ ಬಗ್ಗೆ ಕೇಳಿದರೆ, ಕೆಂಡ ಊದುತ್ತಲೇ ಹೇಳುತ್ತಾರೆ: "ಮೇನ್ ರೋಡಲ್ಲಿ ಬೋರ್ಡು ನೋಡಬೇಡಿ ಸಾರ್, ಹಿಂದುಗಡೆ ಗಲ್ಲಿಗಳಲ್ಲಿ ಕೇಳಿ."

ಆ ಗಲ್ಲಿಗಳಲ್ಲಿ ಈ ಬಡಾವಣೆಯ ಚರಿತ್ರೆಯೇ ಇದೆ. 1898ರಲ್ಲಿ ಪೇಟೆಯ ಒತ್ತೊತ್ತಿನ ಮನೆಗಳಿಗೆ ಪ್ಲೇಗ್ ನುಗ್ಗಿದಾಗ ಜನ ಗಾಳಿ ಬೆಳಕು ಅರಸಿ ಇತ್ತ ಬಂದರು. ಅದಕ್ಕೇ ಇಲ್ಲಿ ನೇರ ರಸ್ತೆಗಳು, ಮನೆಗಳ ಬೆನ್ನಿಗೆ ಶುಚಿ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ. ಹಿತ್ತಲಿನ ಔಟ್‌ಹೌಸು, ಮಹಡಿ ಮೇಲಿನ ಒಂಟಿ ರೂಮು, ಸಾಲು ಬಾಗಿಲಿನ ವಠಾರ ಎಲ್ಲ ಆಮೇಲೆ ಹುಟ್ಟಿಕೊಂಡವು. ಗುಮಾಸ್ತರೂ ಓದಲು ಬಂದ ಹಳ್ಳಿ ಹುಡುಗರೂ ಬೆಂಗಳೂರಿನವರಾದದ್ದು ಇಂಥ ಕಡೆಯೇ.

ಬುಲ್ ಟೆಂಪಲ್ ರಸ್ತೆಗೆ ಬಂದರೆ ಸದ್ದೇ ಬೇರೆ. ಬ್ಯೂಗಲ್ ರಾಕ್‌ನ ಮರಗಳ ತುಂಬ ಬಾವಲಿಗಳ ಕಿಚಕಿಚ. ಕೆಳಗೆ ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ. ಪಕ್ಕದ ಗುಡಿಯಲ್ಲಿ ಏಕಶಿಲೆಯ ದೊಡ್ಡ ಬಸವಣ್ಣ, ಎಣ್ಣೆಗಪ್ಪಿನಲ್ಲಿ ಮಿರುಗುತ್ತಾನೆ. ಕಾರ್ತಿಕದ ಕಡೆಯ ಸೋಮವಾರದ ಪರಿಷೆಗೆ ಈ ರಸ್ತೆಯುದ್ದಕ್ಕೂ ಕಡಲೆಕಾಯಿ. ಬಾಡಿಗೆಗೆ ಇದ್ದವರಿಗೆ ಇದೆಲ್ಲ ಮನೆ ಬಾಗಿಲಲ್ಲೇ!

ಗವಿಪುರದತ್ತ ತಿರುಗುತ್ತೇನೆ. ಸಂಕ್ರಾಂತಿಯ ಸಂಜೆ ಗವಿ ಗಂಗಾಧರೇಶ್ವರನನ್ನು ಸೂರ್ಯಕಿರಣ ಮುಟ್ಟುವ ಜಾಗ, ಕತೆಗಾರ ಮಾಸ್ತಿಯವರು ಬಾಳಿದ ಕೇರಿ. ಹೂ ಕೊಯ್ಯುತ್ತಿದ್ದ ಅಜ್ಜಿಯೊಬ್ಬರು ನನ್ನ ಪ್ರಶ್ನೆಗೆ ಬೀಗದ ಕೈ ತಂದೇಬಿಟ್ಟರು.

ಹಸಿರು ಬಣ್ಣದ ಜೋಡಿ ಬಾಗಿಲು ಕಿರುಗುಟ್ಟಿ ತೆರೆಯುತ್ತದೆ. ಒಳಗೆ ರೆಡ್ ಆಕ್ಸೈಡ್ ನೆಲ. ಹೊಸ್ತಿಲ ಬಳಿ ಯಾರ್‍ಯಾರದೋ ಪಾದಗಳು ಸವೆಸಿ ಕನ್ನಡಿ ಮಾಡಿವೆ. ಕಿಟಕಿಗೆ ಉದ್ದುದ್ದ ಸರಳು, ಆಚೆ ಸೀಬೆ ಮರ. ಗೋಡೆಯಲ್ಲಿ ದೀಪದ ಗೂಡು, ಮೂಲೆಯಲ್ಲಿ ಕಡಪ ಕಲ್ಲಿನ ಅಡುಗೆ ಕಟ್ಟೆ, ಒಂದು ನಲ್ಲಿ. ಇಷ್ಟೇ ಕೋಣೆ. ಇದಕ್ಕಿಂತ ಹೆಚ್ಚು ಯಾಕೆ ಬೇಕು?

"ಒಂಬತ್ತು ಸಾವಿರ ಕೊಡಪ್ಪ. ಎಲ್ಲರ ಹಾಗೆ ಹತ್ತು ತಿಂಗಳ ಅಡ್ವಾನ್ಸು ಕೇಳಲ್ಲ, ಐದು ಸಾಕು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಹಿಡಿದಿಟ್ಕೋಬೇಕು."

ಪಕ್ಕದ ಸೈಟಿನಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡವುತ್ತಿದ್ದಾರೆ. ಅದರ ಹಿತ್ತಲಲ್ಲೂ ಇಂಥದೇ ಕೋಣೆ ಇತ್ತಂತೆ. ಮನೆ ಕೆಡವಿ ಕಟ್ಟಿಸುವ ಹಿರಿಯರೇ, ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲೇ ಆಗಲಿ, ಬಾಡಿಗೆಗೆಂದು ಒಂದು ಪುಟ್ಟ ಕೋಣೆಯನ್ನೂ ನಕ್ಷೆಯಲ್ಲಿ ಸೇರಿಸಿ. ಈ ಕೇರಿಗೆ ಹೊಸಬರು ಬರಲು ಉಳಿದಿರುವ ದಾರಿ ಅದೊಂದೇ.