ಮುಟ್ಟಬಾರದ ಊರಿಗೆ ಟಿಕೆಟ್ಟು

ಕೀವ್ ದಾಟಿ ಬಸ್ಸು ಉತ್ತರದ ಹಾದಿ ಹಿಡಿದ ಮೇಲೆ ಗೈಡ್ ಹುಡುಗಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿ ಸಹಿ ಹಾಕಿಸಿಕೊಂಡಳು. ಅದರ ತುಂಬ ಬರೀ ‘ಕೂಡದು’ಗಳು. ನೆಲದ ಮೇಲೆ ಕೂರಕೂಡದು. ಗೋಡೆಗೆ ಒರಗಕೂಡದು. ಚೀಲ ಕೆಳಗಿಡಕೂಡದು. ಗಿಡದ ಹಣ್ಣು ಕೀಳಕೂಡದು, ಬಯಲಲ್ಲಿ ನಿಂತು ಏನನ್ನೂ ತಿನ್ನಕೂಡದು. ತುಂಬುತೋಳಿನ ಅಂಗಿ, ಪಾದ ಮುಚ್ಚುವ ಬೂಟು ಕಡ್ಡಾಯ. ಹದಿನೆಂಟು ತುಂಬದವರಿಗೆ ಪ್ರವೇಶವೇ ಇಲ್ಲ. ಓದುತ್ತ ಹೋದಂತೆ ನನಗೆ ನಮ್ಮಜ್ಜಿಯ ಅಡುಗೆಮನೆ ನೆನಪಾಯಿತು. ಮಡಿಯುಟ್ಟು ಆಕೆ ಒಲೆಯ ಮುಂದೆ ಕೂತರೆ ಹೊಸಿಲಾಚೆ ನಿಂತ ನಮಗೆಲ್ಲ ಹೆಚ್ಚುಕಡಿಮೆ ಇದೇ ಕಟ್ಟಳೆ. ಆಕೆಗೆ ಢಾಳಾಗಿ ಕಾಣುತ್ತಿದ್ದ ಮೈಲಿಗೆ ನಮ್ಮ ಕಣ್ಣಿಗೆ ಎಂದೂ ಬೀಳಲಿಲ್ಲ, ಕಾಣದಿದ್ದರೂ ಹೆದರುತ್ತಿದ್ದೆವು. ಪಾಪ, ಅಳೆದು ತೋರಿಸಲು ಅಜ್ಜಿಯ ಬಳಿ ಯಂತ್ರವಿರಲಿಲ್ಲ. ಇಲ್ಲಿ ವಿಕಿರಣ ಅಳೆಯುವ ಡೋಸಿಮೀಟರ್ ಬಾಡಿಗೆಗೆ ಸಿಗುತ್ತಿತ್ತು.

ಅದನ್ನು ಕೊರಳಿಗೆ ತೂಗುಹಾಕಿಕೊಂಡವನು ನನ್ನ ತಂಗಿಯ ಮಗ. ಕೀವ್‌ನಲ್ಲಿ ಡಾಕ್ಟರಿ ಓದುತ್ತಿದ್ದ. ನಮ್ಮಲ್ಲಿನ ಖಾಸಗಿ ಸೀಟಿನ ಬೆಲೆ ಕೇಳಿ ಕಂಗಾಲಾದ ನಮ್ಮ ಕಡೆಯ ಎಷ್ಟೋ ಮನೆಗಳು ಆಗ ಮಕ್ಕಳನ್ನು ಉಕ್ರೇನಿಗೆ ಕಳಿಸಿದ್ದವು. 2019ರ ಸೆಪ್ಟೆಂಬರಿನಲ್ಲಿ ಅವನನ್ನು ನೋಡಲು ಹೋದರೆ, “ಮಾವ, ಚರ್ಚು ಗಿರ್ಚು ಆಮೇಲೆ ನೋಡಾಣ್ರಿ, ಮೊದ್ಲು ಚೆರ್ನೋಬಿಲ್” ಎಂದು ಎಳೆದುಕೊಂಡು ಹೊರಟ. ಆ ವರ್ಷ ಎಲ್ಲರಿಗೂ ಅದೇ ಹುಚ್ಚು. ಮೇ ತಿಂಗಳಲ್ಲಿ ಅದೇ ಹೆಸರಿನ ಎಚ್‌ಬಿಒ ಧಾರಾವಾಹಿ ಬಂದಿತ್ತು. ಜುಲೈನಲ್ಲಿ ಹೊಸ ಅಧ್ಯಕ್ಷ ಝೆಲೆನ್ಸ್ಕಿ ಚೆರ್ನೋಬಿಲ್ ಸುತ್ತಲಿನ ನಿಷೇಧಿತ ವಲಯವನ್ನು ಪ್ರವಾಸಿ ತಾಣವಾಗಿ ಬೆಳೆಸುವ ಆದೇಶಕ್ಕೆ ಸಹಿ ಹಾಕಿದ್ದರು. ವರ್ಷ ಮುಗಿಯುವುದರೊಳಗೆ 1,24,000ಕ್ಕೂ ಹೆಚ್ಚು ಜನ ಬಂದುಹೋದರು. ದಿತ್ಯಾತ್ಕಿ ಎಂಬ ಚೆಕ್‌ಪೋಸ್ಟಿನಲ್ಲಿ ಪಾಸ್‌ಪೋರ್ಟ್ ತೋರಿಸಲು ಉದ್ದನೆಯ ಸಾಲು. ಪಕ್ಕದ ಗೂಡಂಗಡಿಯಲ್ಲಿ ವಿಕಿರಣದ ಮೂರೆಸಳಿನ ಚಿಹ್ನೆಯಿದ್ದ ಟೀ ಶರ್ಟು, ಲೋಟ, ಫ್ರಿಜ್ಜಿಗೆ ಅಂಟಿಸುವ ಬಿಲ್ಲೆ. ವ್ಯಾಪಾರ ಚೆನ್ನಾಗಿತ್ತು.

ಚೆರ್ನೋಬಿಲ್ ಎಂದರೆ ನಾವು ಮನಸ್ಸಿನಲ್ಲಿ ಕಾಣುವ ಪಾಳು ಪಟ್ಟಣ ಚೆರ್ನೋಬಿಲ್ ಅಲ್ಲ. ಅದು ಅಣುವಿದ್ಯುತ್ ಸ್ಥಾವರದಿಂದ ಹದಿನೈದು ಕಿಲೋಮೀಟರ್ ದೂರದ ಹಳೆಯ ಊರು. ಈಗಲೂ ಅಲ್ಲಿ ಪಾಳಿಯ ಮೇಲೆ ಕೆಲಸಗಾರರು ಇರುತ್ತಾರೆ. ಖಾಲಿಯಾದದ್ದು ಪ್ರಿಪ್ಯತ್. ಸ್ಥಾವರದ ನೌಕರರಿಗೆಂದೇ 1970ರಲ್ಲಿ ಕಟ್ಟಲು ತೊಡಗಿದ, ರಿಯಾಕ್ಟರಿಗೆ ಮೂರು ಕಿಲೋಮೀಟರ್ ಹತ್ತಿರದ ಊರು. ಸುಮಾರು 49,000 ಜನ, ಅವರ ಸರಾಸರಿ ವಯಸ್ಸು ಇಪ್ಪತ್ತಾರರ ಆಸುಪಾಸು. ಊರಿನಲ್ಲಿ ಮುದುಕರಿಗಿಂತ ತಳ್ಳುಗಾಡಿಯ ಕೂಸುಗಳೇ ಹೆಚ್ಚಿದ್ದಿರಬೇಕು. 1986ರ ಏಪ್ರಿಲ್ 26, ಬೆಳಗಿನ ಜಾವ 1 ಗಂಟೆ 23 ನಿಮಿಷ. ನಾಲ್ಕನೇ ರಿಯಾಕ್ಟರಿನಲ್ಲಿ ಸುರಕ್ಷತೆಯದೇ ಒಂದು ಪರೀಕ್ಷೆ ನಡೆಸುವಾಗ ಸ್ಫೋಟವಾಯಿತು. ಆ ಶನಿವಾರ ಊರಿನ ಮಕ್ಕಳು ಎಂದಿನಂತೆ ಶಾಲೆಗೆ ಹೋಗಿ ಬಂದರು. ಮರುದಿನ ಮಧ್ಯಾಹ್ನ ಎರಡಕ್ಕೆ ಕೀವ್‌ನಿಂದ ತರಿಸಿದ ಸಾವಿರದ ಇನ್ನೂರರಷ್ಟು ಬಸ್ಸುಗಳು ಮನೆಗಳ ಮುಂದೆ ನಿಂತವು. ಕಾಗದಪತ್ರ, ಅಗತ್ಯದ ಬಟ್ಟೆಬರೆ, ತಿನ್ನಲು ಒಂದಿಷ್ಟು, ಇಷ್ಟೇ ತೆಗೆದುಕೊಳ್ಳಿ. ಇದು ತಾತ್ಕಾಲಿಕ ಎಂದಿತು ರೇಡಿಯೋ. ಮೂರು ದಿನದ ಮಾತು ಎಂದುಕೊಂಡು ಜನ ಬೀಗ ಹಾಕಿಕೊಂಡು ಹತ್ತಿದರು. ಸಾಕುಪ್ರಾಣಿಗಳನ್ನು ಹತ್ತಿಸಿಕೊಳ್ಳಲಿಲ್ಲ.

ಇಷ್ಟನ್ನು ಗೈಡ್ ಹುಡುಗಿ ಬಾಯಿಪಾಠದಂತೆ ಒಪ್ಪಿಸಿದಳು. ದಿನಾ ಹೇಳಿದರೆ ಯಾವ ದುರಂತವಾದರೂ ಬಾಯಿಪಾಠವೇ. ಅವಳ ದನಿಗೆ ಜೀವ ಬಂದದ್ದು ಕೊಪಾಚಿಯಲ್ಲಿ. ಅದೊಂದು ಹಳ್ಳಿ. ವಿಕಿರಣ ಕೂತ ಅದರ ಮನೆಗಳನ್ನು ಬುಲ್ಡೋಜರಿನಿಂದ ಕೆಡವಿ ಅಲ್ಲಲ್ಲೇ ಮಣ್ಣು ಮುಚ್ಚಿದರು. ಉಳಿದದ್ದರಲ್ಲಿ ಒಂದು, ಇಟ್ಟಿಗೆಯ ಶಿಶುವಿಹಾರ. ಒಳಗೆ ಕಬ್ಬಿಣದ ಪುಟ್ಟ ಮಂಚಗಳ ಸಾಲು. ಒಂದರ ಮೇಲೆ ಕೈ ಮುರಿದ ಗೊಂಬೆ, ಕಿಟಕಿಯ ಬೆಳಕು ಸರಿಯಾಗಿ ಕೆನ್ನೆಗೆ ಬೀಳುವಂತೆ ಕೂತಿತ್ತು. ಎಲ್ಲರೂ ಮೊಬೈಲ್ ಎತ್ತಿದರು. “ಹೋದ ವಾರ ಅದು ಆ ಮೂಲೆಯಲ್ಲಿತ್ತು” ಎಂದಳು ಅವಳು. “ಬಸ್ಸು ಹತ್ತುವಾಗಲೇ ಹೆಚ್ಚಿನವರು ಗೊಂಬೆ ಎಲ್ಲಿ ಅಂತ ಕೇಳುತ್ತಾರೆ. ಫೋಟೋ ಹೊಡೆಯುವವರು ಬಂದು ಜಾಗ ಬದಲಿಸಿ ಹೋಗುತ್ತಾರೆ. ಮುಟ್ಟಬೇಡಿ ಅಂತ ಹೇಳುವುದು ನನ್ನ ಕೆಲಸ, ಹೇಳುತ್ತೇನೆ.”

ಆಮೇಲೆ ನಾನು ಆ ಊರನ್ನು ನೋಡಿದ ರೀತಿಯೇ ಬೇರೆಯಾಯಿತು. ಪ್ರಿಪ್ಯತ್‌ನ ಒಂದು ಶಾಲೆಯ ನೆಲದ ಮೇಲೆ ನೂರಾರು ಮಕ್ಕಳ ಗ್ಯಾಸ್ ಮಾಸ್ಕುಗಳು ಚೆಲ್ಲಾಡಿರುವ ಚಿತ್ರವನ್ನು ನೀವೂ ನೋಡಿರಬಹುದು. ನೋಡಿದವರಿಗೆಲ್ಲ ಆ ರಾತ್ರಿ ಮಕ್ಕಳು ಅವನ್ನು ಕಿತ್ತೆಸೆದು ಓಡಿದರು ಎನಿಸುತ್ತದೆ. ಅವು ಅಮೆರಿಕದ ಜೊತೆ ಯುದ್ಧವಾದರೆ ಇರಲಿ ಎಂದು ಸೋವಿಯತ್ ಶಾಲೆಗಳು ಕೂಡಿಟ್ಟುಕೊಂಡಿದ್ದ ಸರಕು. ಅಪಘಾತದ ದಿನ ಯಾರೂ ಅವನ್ನು ಹಾಕಿಕೊಳ್ಳಲಿಲ್ಲ. ಫಿಲ್ಟರಿನಲ್ಲಿ ಬೆಳ್ಳಿ ಸಿಕ್ಕೀತೆಂದು ಕಳ್ಳರು ಪೆಟ್ಟಿಗೆ ಒಡೆದು ಸುರಿದದ್ದು ಎನ್ನುತ್ತಾರೆ. ಅಂಥದೊಂದು ಮಾಸ್ಕನ್ನು ಅಲ್ಲೊಂದು ಗೊಂಬೆಯ ಮುಖಕ್ಕೆ ಹಾಕಿದವರಂತೂ ನಮ್ಮಂತೆ ಟಿಕೆಟ್ಟು ಕೊಂಡು ಬಂದವರೇ.

ಪ್ರವಾಸದ ಕಂಪನಿಗಳೆಲ್ಲ ಮಾರುತ್ತಿದ್ದುದು ಒಂದೇ ಮಾತನ್ನು: ಇಲ್ಲಿ ಕಾಲ ನಿಂತಿದೆ. ಬ್ರೋಷರಿನಲ್ಲೂ ಅದೇ, ಬಸ್ಸಿನ ಮೈಮೇಲೂ ಅದೇ. ನನಗೆ ಅಲ್ಲಿ ನಿಂತ ಕಾಲ ಕಾಣಲೇ ಇಲ್ಲ. ‘ಲಾಜೂರ್ನಿ’ ಎಂಬ ಈಜುಕೊಳವಿದೆ. ಗಾಜು ಒಡೆದು, ಬಿಳಿ ಹಂಚು ಉದುರಿ, ಪಾಳು ಎಂದರೆ ಪಾಳು. ಅದರಲ್ಲಿ 1998ರವರೆಗೆ ಜನ ಈಜುತ್ತಿದ್ದರು! ವಲಯದ ಕೆಲಸಗಾರರು ಪಾಳಿ ಮುಗಿಸಿ ಬಂದು ಮೈ ಹಗುರ ಮಾಡಿಕೊಳ್ಳುತ್ತಿದ್ದರು. ಸಿಡಿದ ರಿಯಾಕ್ಟರಿನ ಪಕ್ಕದ ಉಳಿದ ಮೂರು 1987ರ ಕೊನೆಯೊಳಗೆ ಒಂದೊಂದಾಗಿ ಮತ್ತೆ ಕರೆಂಟು ತಯಾರಿಸತೊಡಗಿದವು. ಕೊನೆಯದನ್ನು ನಿಲ್ಲಿಸಿದ್ದು 2000ದ ಡಿಸೆಂಬರಿನಲ್ಲಿ. ಮನೆಗಳೊಳಗಿನ ಪಿಯಾನೋ, ಫ್ರಿಜ್ಜು, ನೀರಿನ ಪೈಪು, ಸ್ವಿಚ್ಚು, ಕಿತ್ತೊಯ್ಯಬಹುದಾದದ್ದನ್ನೆಲ್ಲ ವರ್ಷಗಟ್ಟಲೆ ಕಿತ್ತೊಯ್ದಿದ್ದಾರೆ. ಲೆನಿನ್ ಹೆಸರಿನ ಮುಖ್ಯರಸ್ತೆಯ ಎರಡೂ ಬದಿಗೆ ಬರ್ಚ್, ಪಾಪ್ಲರ್ ಮರಗಳು ಎಷ್ಟು ದಟ್ಟವಾಗಿ ಎದ್ದಿವೆಯೆಂದರೆ ಒಂಬತ್ತು ಮಹಡಿಯ ಮನೆಗಳು ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಫುಟ್‌ಬಾಲ್ ಮೈದಾನದಲ್ಲಿ ಕಾಡು ಬೆಳೆದಿದೆ. ಗ್ಯಾಲರಿಯ ಹಲಗೆಯಿಂದ ಪ್ರೇಕ್ಷಕ ಇಂದು ನೋಡಬಹುದಾದದ್ದು ಮರದ ಕಾಂಡವನ್ನು. 1998ರಲ್ಲಿ ತಂದು ಬಿಟ್ಟ ಪ್ರಜೆವಾಲ್‌ಸ್ಕಿ ಕುದುರೆಗಳು ವಲಯದಲ್ಲಿ ಸಂಸಾರ ಹೂಡಿವೆ. ಕಾಲ ಇಷ್ಟು ಗಡಿಬಿಡಿಯಿಂದ ಓಡಾಡಿದ ಜಾಗ ನಾನು ಇನ್ನೊಂದು ಕಂಡಿಲ್ಲ.

ಜಾಯಿಂಟ್ ವೀಲ್ ಬಗ್ಗೆ ಹೇಳದಿದ್ದರೆ ಅಳಿಯ ಬೈಯುತ್ತಾನೆ. ಹಳದಿ ತೊಟ್ಟಿಲುಗಳ, ಇಪ್ಪತ್ತಾರು ಮೀಟರ್ ಎತ್ತರದ ಅದನ್ನು 1986ರ ಮೇ ದಿನಾಚರಣೆಗೆ ಶುರು ಮಾಡುವುದಿತ್ತು. ಅದಾಗಲೇ ಎಷ್ಟು ಚಿತ್ರಗಳಲ್ಲಿ ಕಂಡಿತ್ತೆಂದರೆ, ಎದುರಿಗೆ ನಿಂತಾಗ ಚಿತ್ರಕ್ಕಿಂತ ಸಣ್ಣದು ಎನಿಸಿತು. ಗೈಡ್ ಒಂದು ತೊಟ್ಟಿಲಿನ ತಳಕ್ಕೆ ಡೋಸಿಮೀಟರ್ ಹಿಡಿಯಲು ಹೇಳಿದಳು. ಕೀವ್‌ನ ಬೀದಿಯಲ್ಲಿ ಗಂಟೆಗೆ 0.1 ಮೈಕ್ರೋಸಿವರ್ಟಿನ ಆಸುಪಾಸು ತೂಕಡಿಸುತ್ತಿದ್ದ ಯಂತ್ರ ಇಲ್ಲಿ ಕಿರುಚಿಕೊಂಡಿತು. ಬಸ್ಸಿನವರಿಗೆಲ್ಲ ಎಂಥ ಖುಷಿ! ಸಾಲು ಹಚ್ಚಿ ಒಬ್ಬೊಬ್ಬರಾಗಿ ಕಿರುಚಿಸಿದರು. ಎರಡು ಹೆಜ್ಜೆ ಹಿಂದೆ ಸರಿದರೆ ಅದು ಮತ್ತೆ ತೆಪ್ಪಗೆ. ವಿಕಿರಣ ಹಾಸಿದ ಕಂಬಳಿಯಂತೆ ಸಮನಾಗಿರದೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆಯಾಗಿ ಕೂತಿದೆ. ಅದನ್ನು ಸೂಸುವ ಸೀಸಿಯಂ-137 ಅರ್ಧಕ್ಕಿಳಿಯಲು ಮೂವತ್ತು ವರ್ಷ ಬೇಕು, ಆ ಮೊದಲ ಅರ್ಧ ಆಗಲೇ ಕಳೆದಿದೆ. ಮುಗ್ಗರಿಸಿದಂತಾಗಿ ನಾನು ಕಟ್ಟೆಯೊಂದರ ಮೇಲೆ ಕೈಯೂರಲು ಹೋದರೆ, “ಮಾವ, ಮುಟ್ಟಬೇಡ್ರಿ!” ಎಂದು ಭಾವಿ ಡಾಕ್ಟರ್ ಗದರಿದ.

ಮಧ್ಯಾಹ್ನದ ಊಟ ಚೆರ್ನೋಬಿಲ್ ಊರಿನ ಕ್ಯಾಂಟೀನಿನಲ್ಲಿ. ಒಳಹೋಗುವ ಮುನ್ನ ಒಂದು ಉಕ್ಕಿನ ಚೌಕಟ್ಟಿನೊಳಗೆ ನಿಂತು ಎರಡೂ ಅಂಗೈಗಳನ್ನು ಒತ್ತಬೇಕು. ಹಸಿರು ದೀಪ ಹತ್ತಿದರೆ ಊಟ. ಬೀಟ್‌ರೂಟಿನ ಸಾರು, ಬ್ರೆಡ್ಡು, ಸಸ್ಯಾಹಾರಿ ಎಂದು ಗೋಗರೆದ ನನಗೆ ಒಂದು ಪಾಲು ಹೆಚ್ಚಿನ ಕೋಸು. ಪಕ್ಕದ ಮೇಜುಗಳಲ್ಲಿ ಸಮವಸ್ತ್ರದ ಕೆಲಸಗಾರರು ನಮ್ಮತ್ತ ನೋಡದೆ ಉಣ್ಣುತ್ತಿದ್ದರು. ಬೆಳಿಗ್ಗೆಯಿಂದ ಕಂಡ ಎಲ್ಲಕ್ಕಿಂತ ಇವರನ್ನೇ ನೋಡುತ್ತ ಕೂರಬೇಕೆನಿಸಿತು. ನಾಲ್ಕನೇ ರಿಯಾಕ್ಟರಿನ ಮೇಲೆ 2016ರ ನವೆಂಬರಿನಲ್ಲಿ ಹಳಿಗಳ ಮೇಲೆ ತಳ್ಳಿ ಕೂರಿಸಿದ 108 ಮೀಟರ್ ಎತ್ತರದ ಉಕ್ಕಿನ ಕಮಾನನ್ನು ಕಾಯುವವರು, ಕಾಡಿಗೆ ಬೆಂಕಿ ಬಿದ್ದರೆ ಓಡುವವರು, ಬಳಸಿದ ಇಂಧನವನ್ನು ನೋಡಿಕೊಳ್ಳುವವರು. ಅವರ ಫೋಟೋ ಯಾರೂ ತೆಗೆಯಲಿಲ್ಲ. ಸರ್ಕಾರ ಬೇಡವೆಂದರೂ ತಮ್ಮ ಹಳ್ಳಿಗಳಿಗೆ ವಾಪಸು ಬಂದು ಬೇರೂರಿದ ಅಜ್ಜಿಯರೂ ವಲಯದಲ್ಲಿದ್ದಾರೆ. ಹೆಚ್ಚು ಹಣ ಕೊಟ್ಟರೆ ಅವರ ಮನೆಗೂ ಕರೆದೊಯ್ಯುವ ಪ್ರವಾಸವಿತ್ತು. ನಾವು ಹೋಗಲಿಲ್ಲ; ಉಪ್ಪಿನಕಾಯಿ ಹಾಕಿಕೊಂಡು ಬದುಕಿರುವ ಮುದುಕಿಯನ್ನು ಟಿಕೆಟ್ಟಿನಲ್ಲಿ ಸೇರಿಸುವುದು ನನಗೆ ಹಿಡಿಸಲಿಲ್ಲ. ಈಸ್ಟರ್ ಕಳೆದ ಮೇಲಿನ ಹಿರಿಯರ ದಿನಗಳಲ್ಲಿ ಹಳೆಯ ನಿವಾಸಿಗಳಿಗೆ ತಮ್ಮವರ ಗೋರಿಗಳಿಗೆ ಹೋಗಿಬರಲು ಆಗ ಬಿಡುತ್ತಿದ್ದರು. ಆ ಬಸ್ಸುಗಳಿಗೆ ಗೈಡ್ ಬೇಕಿರಲಿಲ್ಲ.

2022ರ ಫೆಬ್ರವರಿ 24ರಂದು ಬೆಲಾರುಸ್ ಗಡಿ ದಾಟಿದ ರಷ್ಯಾದ ಸೇನೆ ಮೊದಲ ದಿನವೇ ಸ್ಥಾವರವನ್ನು ಹಿಡಿಯಿತು. ಅಳಿಯ ಸಾವಿರಾರು ವಿದ್ಯಾರ್ಥಿಗಳ ಜೊತೆ ಗಡಿಯವರೆಗೆ ನಡೆದು, ವಿಮಾನ ಹತ್ತಿ ಮನೆ ಸೇರಿದ. ಅವನು ಟಿವಿಯ ಮುಂದೆ ಕೂತು ತಲೆ ಚಚ್ಚಿಕೊಂಡದ್ದು ಒಂದು ಸುದ್ದಿಗೆ: ‘ಕೆಂಪು ಕಾಡು’ ಎಂದು ಕರೆಯುವ, 1986ರಲ್ಲಿ ವಿಕಿರಣಕ್ಕೆ ಪೈನ್ ಮರಗಳೆಲ್ಲ ಕೆಂಪಾಗಿ ಸತ್ತ ಜಾಗದ ಪಕ್ಕದಲ್ಲೇ ಆ ಸೈನಿಕರು ಕಂದಕ ತೋಡಿದ್ದರು. ನಮಗೆ ಚೀಲ ಕೆಳಗಿಡಲು ಬಿಡದ ನೆಲವನ್ನು ಅವರು ಗುದ್ದಲಿ ಹಿಡಿದು ಅಗೆದಿದ್ದರು. ಅವರಿಗೆ ಯಾರೂ ಹಾಳೆ ಹಂಚಿರಲಿಲ್ಲ ಎಂದು ಕಾಣುತ್ತದೆ. ಮಾರ್ಚ್ 31ಕ್ಕೆ ಸೇನೆ ಹೊರಟುಹೋಯಿತು, ಕಾಡಿನಲ್ಲಿ ನೆಲಬಾಂಬುಗಳು ಉಳಿದವು, ಪ್ರವಾಸಗಳು ನಿಂತವು. 2025ರ ಫೆಬ್ರವರಿಯಲ್ಲಿ ಒಂದು ಡ್ರೋನ್ ಬಡಿದು ಆ ಉಕ್ಕಿನ ಕಮಾನಿಗೂ ತೂತು ಬಿತ್ತು.

ಸೇನೆ ಬಂದ ದಿನ ಪಾಳಿಯಲ್ಲಿದ್ದ ಕೆಲಸಗಾರರು ಮೂರು ವಾರ ಮೀರಿ ಬಂದೂಕಿನ ಕೆಳಗೇ ಕೆಲಸ ಮಾಡಿದರು. ಅವರಲ್ಲಿ ಬಹಳಷ್ಟು ಜನ ಸ್ಲಾವುತಿಚ್ ಎಂಬ ಊರಿನವರು. ಪ್ರಿಪ್ಯತ್ ಕಳೆದುಕೊಂಡವರಿಗೆಂದು ಅಪಘಾತದ ವರ್ಷವೇ ಕಟ್ಟಲು ತೊಡಗಿದ ಊರದು. ಎಂಟು ಸೋವಿಯತ್ ಗಣರಾಜ್ಯಗಳು ಬಂದು ಕಟ್ಟಿದ್ದರಿಂದ ಒಂದೊಂದು ಬಡಾವಣೆಗೂ ಅವರವರ ನಗರದ ಹೆಸರು: ಬಾಕು, ಯೆರೆವಾನ್, ರಿಗಾ, ತಾಲಿನ್. ಹೊರಡುವ ಸಂಜೆ ಬಸ್ಸಿನಲ್ಲಿ ನಾನು ಗೈಡನ್ನು ಆ ಊರಿನ ಬಗ್ಗೆ ಕೇಳಿದ್ದೆ. ಅಲ್ಲಿಗೂ ಪ್ರವಾಸ ಮಾಡಿಸುತ್ತೀರಾ? ಅವಳಿಗೆ ಪ್ರಶ್ನೆಯೇ ವಿಚಿತ್ರ ಎನಿಸಿತು. “ನನ್ನ ಚಿಕ್ಕಮ್ಮ ಇರುವುದೇ ಅಲ್ಲಿ. ಶಾಲೆ ಇದೆ, ಅಂಗಡಿ ಇದೆ, ಗುಲಾಬಿ ಗಿಡ ಇವೆ. ಅದನ್ನು ನೋಡಲು ಯಾರು ದುಡ್ಡು ಕೊಡುತ್ತಾರೆ?” ನಾನು ಕೊಡುತ್ತೇನೆ ಎಂದೆ. ನಕ್ಕಳು. ಆಗ ಸ್ಲಾವುತಿಚ್‌ನಿಂದ ಸ್ಥಾವರಕ್ಕೆ ಬೆಲಾರುಸ್‌ನ ತುಣುಕು ನೆಲ ಹಾದು ಕೆಲಸಗಾರರ ರೈಲು ಓಡುತ್ತಿತ್ತು. ಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿದೆ. ಈಗ ಅವರು ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಸುತ್ತು ಹಾಕಿ ಹೋಗಿ, ದಿನಗಟ್ಟಲೆ ಅಲ್ಲೇ ಉಳಿದು, ಪಾಳಿ ಮುಗಿಸಿ ಬರುತ್ತಾರೆ.