ಕರಿಯನ ಚೀಟಿ

ಮನುಷ್ಯರ ಡಾಕ್ಟರು ಮೊದಲು 'ಏನಾಗುತ್ತೆ?' ಎಂದು ಕೇಳುತ್ತಾರೆ. ಪಶುವೈದ್ಯರಿಗೆ ಆ ಅನುಕೂಲವಿಲ್ಲ. ಸಂಕಟ ಪಡುವವನು ಒಬ್ಬ, ಹೇಳುವವನು ಇನ್ನೊಬ್ಬ. ಹೇಳುವವನದೂ ಅರ್ಧ ಊಹೆಯೇ. ಹಾಗಾಗಿ ಅವರು ಮಾತಿಗಿಂತ ಕಣ್ಣು, ಕೈಗಳನ್ನೇ ಹೆಚ್ಚು ನಂಬಬೇಕಾಗುತ್ತದೆ.

ತಿಪಟೂರು ಸೀಮೆಯ ನಮ್ಮ ಪಶು ಆಸ್ಪತ್ರೆಯ ಡಾಕ್ಟರನ್ನು ಊರವರು ದನದ ಡಾಕ್ಟ್ರು ಎಂದೇ ಕರೆಯುತ್ತಾರೆ. ತಪ್ಪೇನಿಲ್ಲ. ಬೆಳಗಿನಿಂದ ಅವರ ಮುಂದೆ ಬರುವುದು ಬೆದೆಗೆ ಬಂದ ಹಸು, ಕೆಚ್ಚಲು ಬಾವು, ಹೊಟ್ಟೆ ಉಬ್ಬರ, ಕಾಲುಬಾಯಿ ಜ್ವರದ ಲಸಿಕೆ. ನಾಯಿ, ಬೆಕ್ಕುಗಳ ಸರದಿ ಏನಿದ್ದರೂ ಕೊನೆಗೆ. ಅಂಥ ಒಂದು ಕೊನೆಯ ಸರದಿಯಲ್ಲಿ ನಮ್ಮ ಕರಿಯ ಮೂಗಿನಿಂದ ರಕ್ತ ತೊಟ್ಟಿಕ್ಕಿಸುತ್ತ ನಿಂತಿದ್ದ.

ಡಾಕ್ಟರು ಮೂಗಿನ ಗೊಡವೆಗೇ ಹೋಗಲಿಲ್ಲ. ತುಟಿ ಎತ್ತಿ ಒಸಡು ನೋಡಿದರು. ಒಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ, ಬಿಳಿಚಿದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕಂತೆ. ಕರಿಯನ ಒಸಡು ಒತ್ತುವ ಮೊದಲೇ ಸುಣ್ಣ ಬಳಿದ ಗೋಡೆಯಂತಿತ್ತು! ಅಂಗಾತ ಮಲಗಿಸಿದಾಗ ಹೊಟ್ಟೆಯ ಮೇಲೆ ರಾಗಿ ಕಾಳಿನಷ್ಟು ಸಣ್ಣ ಕೆಂಪು ಚುಕ್ಕೆಗಳು ಕಂಡವು. ಪಕ್ಕೆಯ ಕೆಳಗೆ ಕೈಯಿಟ್ಟು ಗುಲ್ಮ ದಪ್ಪವಾಗಿದೆ ಎಂದರು. ಜ್ವರ 104 ಡಿಗ್ರಿ. ಕೊನೆಗೆ ಕಿವಿ ಮಡಿಸಿ, ಹಿಂದೆ ಅಂಟಿಕೊಂಡಿದ್ದ ಎರಡು ಉಣ್ಣೆಗಳನ್ನು ಕಿತ್ತು ತೋರಿಸಿದರು.

ಈ ಕಂದು ಉಣ್ಣೆ ರಕ್ತ ಹೀರುವಾಗ ಎರ್ಲಿಕಿಯಾ ಎಂಬ ರೋಗಾಣುವನ್ನು ನಾಯಿಯ ಮೈಗೆ ಬಿಡುತ್ತದೆ. ಅದು ಬಿಳಿ ರಕ್ತಕಣಗಳಲ್ಲಿ ಮನೆ ಮಾಡಿಕೊಳ್ಳುತ್ತದೆ; ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ಟುಗಳು ಇಳಿಯುತ್ತಾ ಹೋಗುತ್ತವೆ. ಇದಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆ ನಮ್ಮೂರ ಮೆಡಿಕಲ್ ಸ್ಟೋರಿನಲ್ಲೇ ಸಿಗುತ್ತದೆ.

"ಮೇಷ್ಟ್ರೇ, ಮಾತ್ರೆ ಇವತ್ತೇ ಶುರು ಮಾಡ್ತೀನಿ. ಆದ್ರೆ ಇವನಿಗೆ ರಕ್ತ ಬೇಕಾಗಬಹುದು. ಅದು ನನ್ನ ಕೈಲಿ ಆಗೋದಲ್ಲ. ಹೆಬ್ಬಾಳಕ್ಕೆ ಕರ್ಕೊಂಡು ಹೋಗಿ" ಎಂದರು.

ನಾಯಿಗೆ ಬೆಂಗಳೂರೇ! ಆ ದುಡ್ಡಿಗೆ ಒಂದು ಒಳ್ಳೆಯ ಕರು ಬರುತ್ತಿತ್ತು ಎಂದು ಪಕ್ಕದ ಮನೆಯವರು ಲೆಕ್ಕ ಹಾಕಿದರು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಓಮ್ನಿಯವನು ಸೀಟಿಗೆ ಗೋಣಿಚೀಲ ಹಾಸಿದರೆ ಮಾತ್ರ ಬರುತ್ತೇನೆಂದ. ಸುಮಾರು 140 ಕಿ.ಮೀ. ದಾರಿಯುದ್ದಕ್ಕೂ ಕರಿಯ ನನ್ನ ಮಗಳ ತೊಡೆಯ ಮೇಲಿಂದ ತಲೆ ಎತ್ತಲಿಲ್ಲ.

ಡಾಕ್ಟರು ಕೊಟ್ಟ ಚೀಟಿಯನ್ನು ದಾರಿಯಲ್ಲಿ ಓದಿದೆ. ರಕ್ತ ಶುರುವಾದ ದಿನ, ತೂಕ, ಜ್ವರ, ಕೊಟ್ಟ ಮಾತ್ರೆಯ ಪ್ರಮಾಣ ಮತ್ತು ಹೊತ್ತು ಎಲ್ಲ ಇತ್ತು. ಕೊಡದೇ ಇದ್ದದ್ದನ್ನೂ ಬರೆದಿದ್ದರು: 'ನೋವಿನ ಮಾತ್ರೆ ಕೊಟ್ಟಿಲ್ಲ, ಸ್ಟೀರಾಯ್ಡ್ ಕೊಟ್ಟಿಲ್ಲ.' ಇದೇಕೆಂದು ಆಗ ಅರ್ಥವಾಗಲಿಲ್ಲ. ಕೆಲವು ನೋವಿನ ಮಾತ್ರೆಗಳು ರಕ್ತಸ್ರಾವವನ್ನು ಇನ್ನಷ್ಟು ಹೆಚ್ಚಿಸುತ್ತವೆಂದು ಹೆಬ್ಬಾಳದಲ್ಲಿ ತಿಳಿಯಿತು.

1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಇಂದು ಬೀದರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ. ಅಲ್ಲಿನ ಆಸ್ಪತ್ರೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಚೀಟಿಯನ್ನು ಗಟ್ಟಿಯಾಗಿ ಓದಿದಳು. ಅವಳ ಗುರುಗಳು ನಡುವೆ ಪ್ರಶ್ನೆ ಹಾಕುತ್ತಿದ್ದರು. ಕರಿಯ ಅವರ ಪಾಠವೂ ಆದ, ರೋಗಿಯೂ ಆದ. 2 ಲಕ್ಷಕ್ಕೆ ಕಡಿಮೆ ಇರಬಾರದ ಪ್ಲೇಟ್‌ಲೆಟ್ಟು 11 ಸಾವಿರಕ್ಕೆ ಬಂದಿತ್ತು. ರಕ್ತ ಬೇಕೇ ಬೇಕು. ಎಲ್ಲಿಂದ ತರುವುದು? ವರ್ಷದ ಲಸಿಕೆಗೆ ಲ್ಯಾಬ್ರಡಾರನ್ನು ಕರೆತಂದಿದ್ದ ಹುಡುಗಿಯೊಬ್ಬಳು, "ನಮ್ಮವನು 34 ಕೆ.ಜಿ. ಇದ್ದಾನೆ, ತಗೊಳ್ಳಿ ಅಂಕಲ್" ಎಂದಳು. ಅದರ ರಕ್ತವನ್ನೂ ಪರೀಕ್ಷಿಸಿ ತೆಗೆದುಕೊಂಡರು. ಮೊದಲ ಸಲ ರಕ್ತ ಪಡೆಯುವ ನಾಯಿಗೆ ಗುಂಪು ಬೇರೆಯಾದರೂ ಸಾಮಾನ್ಯವಾಗಿ ದೊಡ್ಡ ಅಪಾಯವಿಲ್ಲವಂತೆ. ಬೆಕ್ಕಿನ ವಿಷಯ ಹಾಗಲ್ಲ; ಗುಂಪು ತಪ್ಪಿದರೆ ಮೊದಲ ಸಲವೇ ಪ್ರಾಣ ಹೋಗಬಹುದು.

ಬೆಕ್ಕು ಎಂದಾಗ ನಮ್ಮ ಬೀದಿಯ ಗಂಡು ಬೆಕ್ಕೊಂದು ನೆನಪಾಗುತ್ತದೆ. ಅದಕ್ಕೆ ಮೂತ್ರ ಕಟ್ಟಿತ್ತು. ಕಟ್ಟಿದ ಮೂತ್ರ ಒಂದೆರಡು ದಿನದಲ್ಲೇ ಹೃದಯವನ್ನು ನಿಲ್ಲಿಸಬಲ್ಲದು. ಪಟ್ಟಣದ ಖಾಸಗಿ ಕ್ಲಿನಿಕ್ಕೊಂದರಲ್ಲಿ ಇಂಜೆಕ್ಷನ್ ಚುಚ್ಚಿ, 'ದೊಡ್ಡ ಆಸ್ಪತ್ರೆಗೆ ಒಯ್ಯಿರಿ' ಎಂದು ಬಾಯಿಮಾತಲ್ಲಿ ಹೇಳಿ ಕಳಿಸಿದರು. ಯಾವ ಇಂಜೆಕ್ಷನ್ ಎಂದು ಬರೆದುಕೊಡಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಎಲ್ಲವನ್ನೂ ಮೊದಲಿನಿಂದ ಕೇಳಿ ತಿಳಿಯುವಷ್ಟರಲ್ಲಿ ಬೆಕ್ಕು ಹೋಯಿತು. ನಾಲ್ಕು ಸಾಲು ಬರೆದಿದ್ದರೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಬರೆಯಲು ಎರಡು ನಿಮಿಷ ಸಾಕಿತ್ತು, ಅಷ್ಟೇ.

ನಾಲ್ಕನೆಯ ದಿನ ಕರಿಯ ಮೊಸರನ್ನ ತಿಂದ. ಮನೆಗೆ ಕಳಿಸುವಾಗ ಹೆಬ್ಬಾಳದವರೂ ಒಂದು ಚೀಟಿ ಕೊಟ್ಟರು, ನಮ್ಮ ಡಾಕ್ಟರ ಹೆಸರಿಗೆ: ಮಾತ್ರೆ 28 ದಿನ ತಪ್ಪದೆ ಹಾಕಬೇಕು, ಉಣ್ಣೆ ಮೊಟ್ಟೆಯಿಡುವುದು ಗೋಡೆಯ ಬಿರುಕಿನಲ್ಲಿ, ಆದ್ದರಿಂದ ನಾಯಿಗಷ್ಟೇ ಅಲ್ಲ, ಕೊಟ್ಟಿಗೆಗೂ ಔಷಧಿ ಹೊಡೆಯಬೇಕು.

ನಮ್ಮ ಡಾಕ್ಟರು ಅದನ್ನು ನಿಂತಲ್ಲೇ ಎರಡು ಸಲ ಓದಿ ರಿಜಿಸ್ಟರಿನೊಳಗೆ ಇಟ್ಟರು. "ಹನ್ನೊಂದು ಸಾವಿರ ಇತ್ತಾ!" ಎಂದು ಕರಿಯನ ತುಟಿ ಎತ್ತಿ ಮತ್ತೆ ಒಸಡು ನೋಡಿದರು. "ಹದಿನೈದು ದಿನ ಬಿಟ್ಟು ಬನ್ನಿ ಮೇಷ್ಟ್ರೇ. ರಕ್ತ ತೆಗೆದು ನಾನೇ ತುಮಕೂರಿಗೆ ಕಳಿಸ್ತೀನಿ" ಎಂದವರು, ಹೊರಗೆ ಕಬ್ಬಿಣದ ಚೌಕಟ್ಟಿನಲ್ಲಿ ಕಟ್ಟಿದ್ದ ಹಸುವಿನ ಕಡೆ ನಡೆದರು.